ತೆರೆದಿದ್ದ ಗೇಟು

ಆ ಗೇಟಿಗೆ ಐದು ಅಡ್ಡಕಂಬಿಗಳಿವೆ. ಮೇಲಿನಿಂದ ಎರಡನೆಯದು ನಡುವಿನಲ್ಲಿ ನಾಲ್ಕು ಬೆರಳಿನಷ್ಟು ಕೆಳಗೆ ಬಗ್ಗಿದೆ; ಹಸುಗಳು ಕತ್ತು ಉಜ್ಜಿ ಉಜ್ಜಿ ಹಾಗಾಗಿರಬೇಕು. ಚಿಲಕ ಹಾಕುವಾಗ ಗೇಟನ್ನು ತುಸು ಎತ್ತಿ ಹಿಡಿಯಬೇಕು, ಇಲ್ಲದಿದ್ದರೆ ಕೂರುವುದಿಲ್ಲ. ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಅದನ್ನು ಎತ್ತಿ ಹಿಡಿದು ಚಿಲಕ ಹಾಕಿದವಳು ನಾನು. ಹಾಕು ಎಂದು ಯಾರೂ ಹೇಳಿರಲಿಲ್ಲ.

ನಾನು ಐರ್ಲೆಂಡಿನ ಡಬ್ಲಿನ್ ನಗರದ ಅಂಚಿನ ಬ್ಲಾಂಚರ್ಡ್ಸ್‌ಟೌನಿನಲ್ಲಿ ಒಂದು ಬಾಡಿಗೆ ಮನೆಯ ಮೇಲಿನ ಕೋಣೆಯಲ್ಲಿರುತ್ತೇನೆ. ವಾರದಲ್ಲಿ ಐದು ದಿನ, ಔಷಧ ತಯಾರಿಸುವ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಸೂಚನೆಗಳನ್ನು ಓದಿ ತಪ್ಪು ಹುಡುಕುವುದು ನನ್ನ ಕೆಲಸ. ಆರನೆಯ ದಿನ ಯಾರೊಂದಿಗೂ ಮಾತಾಡದೆ ನಡೆಯಬೇಕೆನ್ನಿಸುತ್ತದೆ. ಅದಕ್ಕಾಗಿ ಬಸ್ಸಿನಲ್ಲಿ ಒಂದು ಗಂಟೆ ದೂರದ ಹಳ್ಳಿಗೆ ಹೋಗುತ್ತೇನೆ. ಹಳ್ಳಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಬರುತ್ತೀರಿ, ಆಗ ಮಾತಾಡಬೇಕಾಗುತ್ತದೆ.

ಹಳ್ಳಿಯ ಅಂಗಡಿಯಲ್ಲಿ ಸುತ್ತಲಿನ ನಡಿಗೆಗಳ ಒಂದು ಕರಪತ್ರ ಸಿಗುತ್ತದೆ. ಸುಲಭ, ಮಧ್ಯಮ, ಕಷ್ಟ ಎಂದು ಮೂರು ದಾರಿಗಳು. ನಡಿಗೆಯ ವಿಷಯದಲ್ಲಿ ನನಗೆ ಮಹತ್ವಾಕಾಂಕ್ಷೆಯಿಲ್ಲ. ಎರಡು ವರ್ಷವಾದರೂ ಸುಲಭದಲ್ಲೇ ಇದ್ದೇನೆ. ಚರ್ಚಿನ ಹಿಂದಿನಿಂದ ಹೊರಟು, ಬೀಚ್ ಎಂಬ ಜಾತಿಯ ಮರಗಳ ಒಂದು ಸಣ್ಣ ಕಾಡು ದಾಟಿ, ತೊರೆಯ ಪಕ್ಕದಲ್ಲೇ ನಡೆದು, ಎರಡು ಹುಲ್ಲುಗಾವಲು ಹಾದು ಅಂಗಡಿಗೆ ವಾಪಸ್. ಹೇಳಿಕೊಳ್ಳುವಂಥ ಏರಿಲ್ಲ, ಇಳಿಜಾರಿಲ್ಲ. ಮೈಸೂರಿನಲ್ಲಿ ಅಪ್ಪ ದಿನವೂ ಪಾರ್ಕಿನಲ್ಲಿ ಎಂಟು ಸುತ್ತು ಹಾಕುತ್ತಾರೆ. ಒಂಬತ್ತನೆಯದನ್ನು ಬೋನಸ್ ಎನ್ನುತ್ತಾರೆ. ಅಲ್ಲಿ ಹೊರಟ ಜಾಗಕ್ಕೆ ಎಂಟು ಸಲ ಬರುತ್ತೀರಿ, ಇಲ್ಲಿ ಒಂದೇ ಸಲ. ವ್ಯತ್ಯಾಸ ಇಷ್ಟೇ ಎಂದು ಬಹಳ ದಿನ ತಿಳಿದಿದ್ದೆ.

ಇನ್ನೊಂದು ವ್ಯತ್ಯಾಸವಿದೆ. ಪಾರ್ಕು ಎಲ್ಲರದು. ಇಲ್ಲಿನ ಹುಲ್ಲುಗಾವಲು ಮಾರ್ಟಿನ್ ಎಂಬ ರೈತರದು. ಜನ ನಡೆಯಲಿ ಎಂದು ಅವರು ಒಪ್ಪಿರುವವರೆಗೆ ಅದು ದಾರಿ; ಬೇಡವೆಂದ ದಿನ ಅದು ಬರೀ ಹುಲ್ಲು. ಕರಪತ್ರದ ಕೊನೆಯಲ್ಲಿ ಅವರ ಕಡೆಯಿಂದ ಒಂದೇ ಒಂದು ಕೋರಿಕೆ: ಗೇಟುಗಳು ಹೇಗಿವೆಯೋ ಹಾಗೇ ಬಿಡಿ. ಇದನ್ನು ನಾನು ಓದಿದ್ದೆ. ಸೂಚನೆ ಓದುವುದಕ್ಕೇ ಸಂಬಳ ಪಡೆಯುವವಳು ಓದದೆ ಇರುತ್ತೇನೆಯೇ?

ಆದರೂ ಆ ಶನಿವಾರ ಎರಡು ಹುಲ್ಲುಗಾವಲುಗಳ ನಡುವಿನ ಗೇಟು ತೆರೆದಿರುವುದು ಕಂಡ ಕೂಡಲೇ ಕೈ ತಾನಾಗಿಯೇ ಮುಂದೆ ಹೋಯಿತು. ನಮ್ಮ ಮನೆಯಲ್ಲಿ ಬೆಳೆದ ಕೈ ಅದು. ಶಾಲೆಯಿಂದ ಬಂದರೆ, ಅಂಗಡಿಯಿಂದ ಬಂದರೆ, ಅಡುಗೆಮನೆಯಿಂದ ಅಮ್ಮನ ಮೊದಲ ಮಾತು, "ಗೇಟ್ ಹಾಕಿದ್ಯಾ? ದನ ನುಗ್ಗತ್ತೆ!" ನಮ್ಮ ಬೀದಿಯ ದನಗಳಿಗೆ ಅಮ್ಮನ ದಾಸವಾಳದ ಮೇಲೆ ಕಣ್ಣು. ಹೀಗಾಗಿ ಗೇಟು ಎಂದರೆ ದನವನ್ನು ಹೊರಗಿಡುವ ಸಾಧನ, ತೆರೆದ ಗೇಟು ಎಂದರೆ ಯಾರದೋ ಮರೆವು ಎಂದು ನನ್ನ ತಿಳಿವಳಿಕೆ. ಚಿಲಕ ಹಾಕಿ, ಒಳ್ಳೆಯ ಕೆಲಸ ಮಾಡಿದವಳ ಹಾಗೆ ಕೈ ಒರೆಸಿಕೊಂಡು ಬಸ್ಸು ಹತ್ತಿದೆ.

ಮುಂದಿನ ಶನಿವಾರ ಹೋದಾಗ, ದಾರಿ ತೊರೆಯ ಬದಿಯಿಂದ ಹುಲ್ಲುಗಾವಲಿಗೆ ಬಂದು ಸೇರುವಲ್ಲಿ ತಂತಿ ಬಿಗಿದಿತ್ತು. ತಂತಿಗೆ ಪ್ಲಾಸ್ಟಿಕ್ ಹಾಳೆಯೊಳಗೆ ಒಂದು ಕಾಗದ, ದಪ್ಪ ಕೈಬರಹದಲ್ಲಿ. ಕನ್ನಡದಲ್ಲಿ ಹೇಳುವುದಾದರೆ: "ಗೇಟು ಮುಚ್ಚಿದವರಿಗೆ. ನೀರಿನ ತೊಟ್ಟಿ ಇರುವುದು ಮೇಲಿನ ಹುಲ್ಲುಗಾವಲಿನಲ್ಲಿ. ಕೆಳಗಿನದರಲ್ಲಿದ್ದ ನನ್ನ ಹದಿನಾಲ್ಕು ಹಸುಗಳು ಶನಿವಾರ ಮಧ್ಯಾಹ್ನದಿಂದ ಭಾನುವಾರ ಬೆಳಿಗ್ಗೆಯವರೆಗೆ ನೀರಿಲ್ಲದೆ ನಿಂತಿದ್ದವು. ಇನ್ನು ಈ ದಾರಿ ಇಲ್ಲ. ಮಾರ್ಟಿನ್."

ತೊರೆ ಇತ್ತಲ್ಲ ಎಂದು ಒಂದು ಕ್ಷಣ ವಕೀಲಿಕೆ ಮಾಡಿಕೊಂಡೆ. ತೊರೆಗೆ ದನ ಇಳಿಯದಂತೆ ಬೇಲಿ ಇದೆ. ಅದನ್ನೂ ನಾನು ನೋಡಿದ್ದೆ.

ತಂತಿಯ ಪಕ್ಕದ ಮೋಟುಗೋಡೆಯ ಮೇಲೆ, ಈ ದಾರಿಯಲ್ಲಿ ಆಗಾಗ ಎದುರಾಗುವ ಹಳ್ಳಿಯ ಪೆಗ್ಗಿ ಕೂತಿದ್ದರು. ಎಂಬತ್ತು ದಾಟಿದ ಹೆಂಗಸು. ಎರಡೂ ಮಂಡಿ ಬದಲಾಯಿಸಿಕೊಂಡವರು. ಎರಡು ವರ್ಷಗಳಲ್ಲಿ ನಾವು ಪರಸ್ಪರ ಆಡಿದ್ದು ಬರೀ ಹವಾಮಾನದ ಮಾತು. ಅವತ್ತು ಮಾತ್ರ ಅವರು ಕಾಗದದತ್ತ ಕೋಲು ತೋರಿಸಿದರು.

"ನೋಡಿದೆಯಾ ಮಗಳೇ? ಡಬ್ಲಿನ್‌ನಿಂದ ಯಾವುದೋ ಪೆದ್ದು ಬಂದು ಈ ಕೆಲಸ ಮಾಡಿ ಹೋಗಿದೆ."

"ಹೌದಾ?" ಎಂದೆ.

"ಡಾಕ್ಟರು ದಿನಾ ನಡಿ ಅಂತಾರೆ. ಎಲ್ಲಿ ನಡೀಲಿ? ಮೇನ್ ರೋಡಲ್ಲಿ ಹೋದರೆ ಟ್ರ್ಯಾಕ್ಟರ್ ಅಡಿಗೆ. ಗುಡ್ಡದ ದಾರಿಗೆ ಈ ಮಂಡಿ ಒಪ್ಪಲ್ಲ. ಇದೊಂದೇ ನನಗಿದ್ದದ್ದು."

ಅವರ ಅಳತೆಯ ಸುಲಭ ದಾರಿ ಅದೊಂದೇ. ನಾನಾದರೆ ಬೇರೆ ಬಸ್ಸು ಹತ್ತಿ ಬೇರೆ ಹಳ್ಳಿಗೆ ಹೋಗಬಹುದು. ಇಷ್ಟು ಗೊತ್ತಿದ್ದೂ ನಾನು "ಛೆ" ಎಂದು ಹೇಳಿ, ಬಂದ ದಾರಿಯಲ್ಲೇ ಹಿಂತಿರುಗಿದೆ. ಸಂಕೋಚದ ಸ್ವಭಾವದವರಿಗೆ ಒಂದು ಅನುಕೂಲವಿದೆ: ಹೇಡಿತನ ಮಾಡಿದರೂ ನೋಡುವವರು ಅದನ್ನು ಸಂಕೋಚವೆಂದೇ ತಿಳಿಯುತ್ತಾರೆ.

ಮನೆಗೆ ಬಂದು ಮಾರ್ಟಿನ್ ಅವರಿಗೆ ಒಂದು ಪತ್ರ ಬರೆದೆ. ಮೂರು ಸಲ ತಿದ್ದಿದೆ. ಹೆಸರು ಹಾಕಬೇಕೇ ಬೇಡವೇ ಎಂಬುದು ಇತ್ಯರ್ಥವಾಗದೆ, ನಮ್ಮ ಮನೆಯ ಕೆಳಗಿನ ಕೋಣೆಯ ರೇಖಾಳಿಗೆ ನಡೆದದ್ದೆಲ್ಲ ಹೇಳಿ ತೋರಿಸಿದೆ. ರೇಖಾ ಸಾಫ್ಟ್‌ವೇರಿನವಳು, ಆದರೆ ಮಂಡ್ಯದ ಕಡೆ ದನದ ಕೊಟ್ಟಿಗೆಯ ಪಕ್ಕದಲ್ಲಿ ಬೆಳೆದವಳು. ಅನ್ನಕ್ಕೆ ಸಾರು ಬಡಿಸಿಕೊಳ್ಳುತ್ತಿದ್ದವಳು ಒಂದೇ ಕೈಯಲ್ಲಿ ಕಾಗದ ಹಿಡಿದು ಓದಿದಳು.

"ಇದೇನೇ ಇದು, ರಜಾ ಅರ್ಜಿ ಇದ್ದಂಗೈತೆ. 'ಅನುದ್ದೇಶಿತ ಅನನುಕೂಲ' ಅಂತೆ. ಹದ್ನಾಕು ದನ ಬಾಯಾರ್ಕೊಂಡು ನಿಂತಿದ್ವು ಕಣೇ!"

"ನನಗೆ ಗೊತ್ತಿರಲಿಲ್ಲ ರೇಖಾ."

"ತೊಟ್ಟಿ ಯಾವ ಕಡೀಕೈತೆ ಅಂತ ಒಂದ್ಸಲ ತಿರುಗಿ ನೋಡ್ಬಾರ್ದಾ? ನಮ್ಮಜ್ಜಿ ಆಗಿದ್ರೆ ನಿನ್ನ ಜಗುಲಿಗೂ ಹತ್ತಿಸ್ತಿರ್ಲಿಲ್ಲ."

"ಪತ್ರ ಸಾಕಾಗಲ್ವಾ?"

"ಪತ್ರ ಹಾಕಿದ್ರೆ ನಿಂಗೆ ನಿದ್ದೆ ಬತ್ತದೆ. ಆ ಮುದುಕಿಗೆ ದಾರಿ ಬತ್ತದಾ? ಹೋಗಿ ಮುಖ ತೋರ್ಸು. ಬಯ್ದ್ರೆ ಬಯ್ಸ್ಕೊ. ಇಲ್ಲಿನೋರು ಅಂತಾರಲ್ಲ, ಎಲ್ಲಾ ಗ್ರ್ಯಾಂಡ್ ಆಯ್ತದೆ, ಹೋಗ್ಬಾ."

ಮಾರನೆಯ ಬೆಳಿಗ್ಗೆ ಭಾನುವಾರದ ಮೊದಲ ಬಸ್ಸಿನಲ್ಲಿ ಹೋದೆ. ಅಂಗಡಿಯಲ್ಲಿ ಮನೆ ಕೇಳಿಕೊಂಡು ಮಾರ್ಟಿನ್ ಅವರ ಬಾಗಿಲು ತಟ್ಟಿದೆ. ಅರವತ್ತರ ಆಸುಪಾಸಿನ, ಎತ್ತರದ ಮನುಷ್ಯ. ರಬ್ಬರ್ ಬೂಟು ಹಾಕಿಕೊಂಡೇ ಹೊರಗೆ ಬಂದರು. ಬಸ್ಸಿನಲ್ಲಿ ಸಿದ್ಧಮಾಡಿಕೊಂಡಿದ್ದ ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ. "ಗೇಟು ಮುಚ್ಚಿದ್ದು ನಾನು" ಎಂದೆ.

ಅವರು ನನ್ನನ್ನು ನೋಡಿದರು. "ಯಾಕೆ?"

ಅಮ್ಮನ ದಾಸವಾಳದ ಕತೆ ಹೇಳಬೇಕಾಯಿತು.

"ಹಸುಗಳು ಬೀದಿಯಲ್ಲೇ ಓಡಾಡುತ್ತವಾ? ಯಾರವು?"

"ಯಾರದೋ. ಸಾಯಂಕಾಲ ತಾವೇ ಮನೆಗೆ ಹೋಗುತ್ತವೆ."

"ಗೇಟು ಹಾಕಿದರೆ ಸುಮ್ಮನಿರುತ್ತವಾ?"

"ಒಂದು ಮಾತ್ರ ಮೂತಿಯಿಂದ ಚಿಲಕ ತೆಗೆಯುತ್ತಿತ್ತು."

ಅವರು ನಗಲಿಲ್ಲ. ಆದರೆ "ನನ್ನ ಹತ್ತಿರ ಅಂಥದ್ದು ಒಂದು ಇದ್ದಿದ್ದರೆ ಒಳ್ಳೆಯದಾಗುತ್ತಿತ್ತು" ಎಂದರು. ಆಮೇಲೆ ಅಂಗಳದ ಕಡೆ ತಿರುಗಿದರು. "ಒಂದು ಹಸು ಗಬ್ಬ ಇತ್ತು. ಅದಕ್ಕೇನೂ ಆಗಲಿಲ್ಲ. ಆಗಿದ್ದರೆ ನಿನ್ನ ಜೊತೆ ಹೀಗೆ ಮಾತಾಡುತ್ತಿರಲಿಲ್ಲ." ನಾನು ತಲೆಯಾಡಿಸಿ, ಪೆಗ್ಗಿಗೆ ನಡೆಯಲು ಬೇರೆ ದಾರಿಯಿಲ್ಲ ಎಂದೆ. "ತಂತಿ ನಾನು ಬಿಚ್ಚುತ್ತೇನೆ. ಪೆಗ್ಗಿಗೆ ನೀನು ಹೇಳು."

ಒಂದು ಬಾಗಿಲಿಗೆಂದು ಧೈರ್ಯ ಕಟ್ಟಿಕೊಂಡು ಬಂದವಳು ಎರಡನೆಯದನ್ನೂ ತಟ್ಟಿದೆ. ನಾನೇ ಆ ಪೆದ್ದು ಎಂದು ತಿಳಿಸಿದಾಗ ಪೆಗ್ಗಿಗೆ ಮುಜುಗರವೂ ಆಗಲಿಲ್ಲ, ಆಶ್ಚರ್ಯವೂ ಆಗಲಿಲ್ಲ.

"ಮಾರ್ಟಿನ್ ಚಹಾ ಕೊಟ್ಟನಾ?"

"ಇಲ್ಲ."

"ಹಾಗಾದರೆ ಇನ್ನೂ ಸ್ವಲ್ಪ ಸಿಟ್ಟಿದೆ. ನಿಲ್ಲು, ಶೂ ಹಾಕ್ಕೋತೀನಿ."

ಹೀಗೆ, ಒಬ್ಬಳೇ ಇರಬೇಕೆಂದು ಕಂಡುಕೊಂಡ ದಾರಿಯಲ್ಲಿ ಜೊತೆಯೊಂದಿಗೆ ನಡೆದೆ. ಪೆಗ್ಗಿ ನಿಧಾನ, ಮಾತು ಜೋರು. ಕಾಡು ಮುಗಿಯುವ ಹೊತ್ತಿಗೆ ಅವರ ಎರಡೂ ಮಂಡಿಗಳ ಇತಿಹಾಸ ನನಗೆ ತಿಳಿದಿತ್ತು. ನನ್ನ ಬಗ್ಗೆ ಅವರಿಗೆ ಬಹುಶಃ ನನ್ನ ಹೆಸರಷ್ಟೇ. ಅದು ಇಬ್ಬರಿಗೂ ಒಪ್ಪಿತವಾಗಿತ್ತು. ತಂತಿ ಬಿಚ್ಚಿಯಾಗಿತ್ತು. ಕೆಳಗಿನ ಹುಲ್ಲುಗಾವಲಿನಲ್ಲಿ ಹಸುಗಳು ಮಲಗಿದ್ದವು; ನಡುವಿನ ಗೇಟು ಪೂರ್ತಿ ತೆರೆದುಕೊಂಡಿತ್ತು. ನಾನು ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿಗೆ ಇಳಿಸಿ, ಪೆಗ್ಗಿಯ ಹಿಂದೆ ಅದನ್ನು ದಾಟಿದೆ.