ಕೆಳಗಿನ ಮೆಟ್ಟಿಲಿನ ಹುಲ್ಲು

ನನ್ನ ಹೆಂಡತಿ ತೀರಿಕೊಂಡ ಮುಂದಿನ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ಗಣಿದಿಬ್ಬದ ಮೇಲೆ ಹಸಿರು ಎಷ್ಟು ಹಿಡಿದಿದೆ ಎಂದು ನೋಡುವವರು ಬಂದರು.

ಅದು ನಾಯಕನಹಟ್ಟಿಯಿಂದ ಬಿ.ಜಿ. ಕೆರೆ ಕಡೆಗೆ ಹೋಗುವಾಗ ಒಳದಾರಿಯಲ್ಲಿ ಸಿಗುವ, ಅದಿರು ತೆಗೆದು ಮುಚ್ಚಿದ ಸಣ್ಣ ಗಣಿ. ಉಳಿದ ಕಲ್ಲುಮಣ್ಣನ್ನು ದಿಬ್ಬ ಮಾಡಿ, ಮೆಟ್ಟಿಲಿನಂತೆ ಕಡಿದು, ಗಿಡ ಬೆಳೆಸಲು ಗಣಿಯವರು ನಮ್ಮಿಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಮೇಲಿನ ಮೆಟ್ಟಿಲು ನನಗೆ, ಕೆಳಗಿನದು ಅವಳಿಗೆ.

ನಾನು ಹಗ್ಗ ಹಿಡಿದು ಸಾಲಾಗಿ ಹೊಂಗೆ, ಬೇವು ನೆಟ್ಟೆ. ಒಂದೊಂದು ಗಿಡಕ್ಕೂ ಸುತ್ತ ಕಲ್ಲು ಜೋಡಿಸಿ, ಎರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಹಾಕಿದೆ. ಅವಳ ಸಸಿಗಳಲ್ಲಿ ಅರ್ಧಕ್ಕರ್ಧ ಒಣಗಿದವು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ನನ್ನ ಸಾಲು ನೋಡಿ ನಗುತ್ತಿದ್ದಳು.

"ಇಸ್ಕೂಲ್ ಹುಡುಗ್ರಂಗೆ ನಿಲ್ಸೀರಲ್ರಿ. ಒಂದನ್ನಾದ್ರೂ ಆಟಕ್ಕೆ ಬಿಡ್ರಿ ಪಾಪ."

ಒಂದು ಬೇಸಿಗೆಯ ಕೊನೆಗೆ ನಾನು ಚಳ್ಳಕೆರೆಯ ಅಕ್ಕನ ಮನೆಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರೆ, ಕೆಳಗಿನ ಮೆಟ್ಟಿಲ ತುಂಬ ಕುರಿಹಿಕ್ಕೆ. ಅವಳ ತಮ್ಮ ಕುರಿ ಕಾಯುವವನು. ತನ್ನ ಮಂದೆಯನ್ನು ಮೂರು ರಾತ್ರಿ ಅಲ್ಲಿ ಮಲಗಿಸಿದ್ದ. ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ಮಲಗಿಸುವುದು ನಮ್ಮ ಕಡೆ ಇದ್ದದ್ದೇ. ಆದರೆ ದಿಬ್ಬಕ್ಕೆ ದನ, ಕುರಿ ಬಿಡಬಾರದೆಂದು ಬೋರ್ಡು ನೆಟ್ಟವನೇ ನಾನು. ಕೂಗಾಡಿದೆ.

"ತಿನ್ನಾಕೆ ಏನೈತ್ರಿ ಅಲ್ಲಿ, ಕಲ್ಲಾ? ಮಲಗಿದ್ವು, ಎದ್ ಹೋದ್ವು," ಎಂದಳು.

ಆ ಮಳೆಗೆ ಅಲ್ಲಿ ಹುಲ್ಲು ಕಾಣಿಸಿತು. ಮರುವರ್ಷ ಮೊಣಕಾಲು ಮುಟ್ಟಿತು. ನನಗೆ ಹೊಟ್ಟೆಕಿಚ್ಚು ಶುರುವಾಯಿತು. ಬೆಳಗ್ಗೆ ಹೋದವನು ಮೊದಲು ಅವಳ ಮೆಟ್ಟಿಲ ಕಡೆಗೇ ನೋಡುತ್ತಿದ್ದೆ, ಏನಾದರೂ ಬಾಡಿದೆಯೇ ಎಂದು. ಆಮೇಲೆ ಅವಳಿಗೆ ಕಾಮಾಲೆಯಾಯಿತು. ಹದಿನೆಂಟು ದಿನ ಮಲಗಿದ್ದಳು, ಅಷ್ಟೆ. ಮಣ್ಣು ಮಾಡಿ ಬಂದ ಮೇಲಾದರೂ ಆ ಕಿಚ್ಚು ಆರೀತು ಎಂದುಕೊಂಡೆ. ಅವಳಿಲ್ಲದೆಯೂ ಹುಲ್ಲು ಬೆಳೆಯುತ್ತಲೇ ಇತ್ತು, ನಾನು ನೋಡಿ ಕುದಿಯುತ್ತಲೇ ಇದ್ದೆ.

ಗಣಿ ಇಲಾಖೆಯಿಂದ ನೋಡಲು ಬಂದ ಮೇಡಂ ಕೈಯಲ್ಲಿ ಪ್ಲಾಸ್ಟಿಕ್ ಪೈಪಿನ ಚೌಕವೊಂದಿತ್ತು. ಅದನ್ನು ಎಲ್ಲೆಂದರಲ್ಲಿ ನೆಲಕ್ಕೆ ಹಾಕಿ, ಅದರೊಳಗೆ ಏನೇನಿದೆ ಎಂದು ಬರೆದುಕೊಳ್ಳುತ್ತಿದ್ದರು. ನನ್ನ ಸಾಲಿನಲ್ಲಿ ಒಂದು ಗಿಡವೂ ಸತ್ತಿರಲಿಲ್ಲ. ಅದನ್ನೇ ಎರಡು ಸಲ ಹೇಳಿದೆ.

"ನೆಟ್ಟಿದ್ದು ಬದುಕಿದೆ, ಸಂತೋಷ. ತಾನಾಗಿ ಹುಟ್ಟಿದ್ದು ಯಾವುದಿದೆ ತೋರಿಸಿ," ಎಂದರು.

ಹುಡುಕಿದೆ. ಇರಲಿಲ್ಲ. ಅವರು ಬಾಟಲಿಯಿಂದ ನೀರು ಸುರಿದರು. ಅದು ನೆಲಕ್ಕೆ ಇಳಿಯದೆ ಕಲ್ಲಿನ ನಡುವೆ ಹರಿದುಹೋಯಿತು.

ಕೆಳಗಿನ ಮೆಟ್ಟಿಲಿನಲ್ಲಿ ಚೌಕ ಹಾಕಿದರೆ ನೆಲವೇ ಕಾಣಲಿಲ್ಲ. ಹುಲ್ಲು ಸರಿಸಿದಾಗ ಇರುವೆ, ಎರಡು ಬಾರೆಹಣ್ಣಿನ ಮರಿಸಸಿ, ಒಂದು ಜಾಲಿ. ಸುರಿದ ನೀರನ್ನು ಮಣ್ಣು ಹಾಗೇ ಕುಡಿಯಿತು. ಮೇಡಂ ಮಂಡಿಯೂರಿ ಕೂತುಬಿಟ್ಟರು. ನನ್ನ ಮೆಟ್ಟಿಲಿನಲ್ಲಿ ಅವರು ಕೂತಿರಲಿಲ್ಲ.

"ಇದು ಯಾರು ಮಾಡಿದ್ದು?"

"ನಾನೇ ಮೇಡಂ," ಎಂದೆ. "ಎರಡೂ ನಂದೇ."

ಅವರು ಬರೆದುಕೊಂಡರು. ನನಗೆ ಎದೆ ಹಗುರಾಯಿತು, ಅದು ಸುಳ್ಳಲ್ಲ.

"ಉಳಿದ ದಿಬ್ಬಗಳಿಗೂ ಹೀಗೇ ಮಾಡಿಸೋಣ. ಇದು ಯಾವ ಹುಲ್ಲು? ಬೀಜ ಎಲ್ಲಿಂದ ತಂದ್ರಿ?"

ನಾನು ಪೇಟೆಯಲ್ಲಿ ಬೆಳೆದವನು. ನನಗೆ ಎಲ್ಲ ಹುಲ್ಲೂ ಹುಲ್ಲೇ. ಕೊನೆಗೆ ಹತ್ತಿರದಲ್ಲೇ ಕುರಿ ಮೇಯಿಸುತ್ತಿದ್ದ ಭಾಮೈದನಿಗೆ ಫೋನು ಮಾಡಿ ಕರೆಸಿದೆ.

ಅವನು ಬಂದವನೇ ಬಗ್ಗಿ ಒಂದೊಂದು ತೆನೆ ಕಿತ್ತ. "ಇದು ಹಂಚಿ. ಇದು ಕರಡ. ಎಲ್ಲಾ ದೊಡ್ಡಉಳ್ಳಾರ್ತಿ ಹುಲ್ಲುಕಾವಲಿಂದು ಮೇಡಂ. ಅಕ್ಕ ಹೇಳಿದ್ಳು, ಕಾವಲಾಗೆ ಹೊಟ್ಟೆ ತುಂಬ ಮೇಯಿಸು, ಎಲ್ಲೂ ನಿಲ್ಬ್ಯಾಡ, ಎಲ್ಡು ದಿನದಾಗೆ ಇಲ್ಲಿಗೆ ಹೊಡ್ಕಂಡ್ ಬಾ, ಬೀಜ ಹೊಟ್ಟೇಲಿರಾವಾಗ್ಲೇ, ಹಿಕ್ಕೆ ಜೊತೆ ಇಲ್ಲೇ ಬೀಳ್ಲಿ ಅಂತ."

ಮಂದೆ ಬರೀ ಗೊಬ್ಬರಕ್ಕೆಂದು ಬಂದು ಮಲಗಿತ್ತು ಎಂದೇ ನಾನು ತಿಳಿದಿದ್ದೆ. ಅವಳು ಲೆಕ್ಕ ಹಾಕಿ ಕರೆಸಿದ್ದಳು. ಜೊತೆಗೆ ಉಣ್ಣುತ್ತಿದ್ದ ನನಗೆ ಹೇಳದೆ, ಇವನಿಗೆ ಹೇಳಿದ್ದಳು.

"ನಂಗ್ಯಾಕ್ ಹೇಳ್ಲಿಲ್ಲಲೇ ಅವಳು?" ಎಂದೆ.

"ನಿಮಗೆ ಹೇಳಿದ್ರೆ ಬೋರ್ಡ್ ತೋರಿಸ್ತೀರಂತೆ, ಬಾವ." ಅವನು ನಕ್ಕ. ನಗುತ್ತಲೇ ಅವನ ಕಣ್ಣು ತುಂಬಿದವು. ಅಳುವುದೂ ಅವನಿಗೆ ಸಲೀಸು.

ಮೇಡಂ ನನ್ನನ್ನೇ ನೋಡುತ್ತಿದ್ದರು. "ನಿಮ್ಮದೇ ಅಂದ್ರಲ್ಲ?"

"ಸುಳ್ಳು ಹೇಳಿದೆ. ಕೆಳಗಿನದು ನನ್ನ ಹೆಂಡ್ತೀದು. ಈಗಿಲ್ಲ ಅವಳು. ಅವಳ ಹೆಸರೇ ಬರೀರಿ."

ಅವರು ನನ್ನ ಹೆಸರು ಹೊಡೆದುಹಾಕಿ, ನಾನು ಹೇಳಿದಂತೆ ಪಕ್ಕದಲ್ಲಿ ಅವಳದು ಬರೆದರು. ಅಕ್ಷರ ಸರಿಯಾಗಿದೆಯೇ ಎಂದು ನನಗೆ ತೋರಿಸಿದರು. ಸರಿಯಾಗಿತ್ತು. ಮುಂದಿನ ಬೇಸಿಗೆಗೆ ಮೇಲಿನ ಮೆಟ್ಟಿಲಿನಲ್ಲೂ ಮಂದೆ ಮಲಗಿಸಲು ಅನುಮತಿ ಕೇಳುತ್ತೇನೆಂದು ಹೇಳಿ ಜೀಪು ಹತ್ತಿದರು.

ಭಾಮೈದ ಕುರಿಗಳ ಕಡೆ ಹೊರಟ. ತೋಳು ಹಿಡಿದು ನಿಲ್ಲಿಸಿದೆ.

"ಅವಳು ನಿಂಗೆ ಇನ್ನೇನೇನ್ ಹೇಳಿದ್ಳು?"

"ಎಷ್ಟೋ ಹೇಳಿರ್ತಾಳೆ. ನೆಪ್ಪಾದಾಗ ಹೇಳ್ತೀನಿ ಬಿಡ್ರಿ."

"ಈಗ್ಲೇ ಹೇಳು."

ಅವನು ನನ್ನ ಮುಖ ನೋಡಿ, ಕೋಲು ಪಕ್ಕಕ್ಕಿಟ್ಟು ಕೂತ. ನಾನೂ ಕೂತೆ. ಅವನು ಹೇಳಿದ ಒಂದೊಂದು ಮಾತೂ ನನಗೆ ಹೊಸದು. ಒಂದೊಂದಕ್ಕೂ ಅವನ ಮೇಲೆ ಹೊಟ್ಟೆ ಉರಿಯಿತು. ಅವನು ನಿಲ್ಲಿಸಿದಾಗಲೆಲ್ಲ, ಆಮೇಲೆ, ಆಮೇಲೆ ಎಂದು ಕೇಳುತ್ತಿದ್ದೆ.