ಹಾಡುಗಾರನಿಲ್ಲದ ಆಲ್ಬಮ್

ಶೇಡಬಾಳದ ಜಿನ್ನಪ್ಪ ನಾಟಕ ಕಂಪನಿಯೊಂದರಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ಮಾಸ್ತರನಾಗಿದ್ದ. ಕಂಪನಿ ಮುಚ್ಚಿದ ವರ್ಷ ಅಲ್ಲಿಯ ಕಾಲ್ಪೆಟ್ಟಿಗೆಯನ್ನು ಚಕ್ಕಡಿಯಲ್ಲಿ ಹೇರಿಕೊಂಡು ಮನೆಗೆ ತಂದ. ಕಾಲಿನಿಂದ ಗಾಳಿ ತುಳಿದು ಎರಡೂ ಕೈಯಿಂದ ನುಡಿಸುವ ದೊಡ್ಡ ಪೇಟಿ ಅದು. ಆಗ ಮಗಳು ಸೋನಾಬಾಯಿಗೆ ಆರು ವರ್ಷ. ಕಾಲು ಕೆಳಗೆ ಮುಟ್ಟುತ್ತಿರಲಿಲ್ಲ. ಅಪ್ಪ ತುಳಿಯುವನು, ಅವನ ತೊಡೆಯ ಮೇಲೆ ಕೂತು ಮಗಳು ನುಡಿಸುವಳು. ಹಾಗೆ ಕಲಿತಳು.

ಮದುವೆಯಾಗಿ ಬೋರಗಾಂವಕ್ಕೆ ಬಂದಾಗ ಪೇಟಿಯೂ ಜೊತೆಗೆ ಬಂತು. ಗಂಡನ ಮನೆಯ ಹಿಂದೆ ನಾಲ್ಕು ಪಾವರ್‌ಲೂಮ್. ಅವು ಓಡುವಾಗ ಮಾತೇ ಕೇಳಿಸದು, ಪೇಟಿ ಎಲ್ಲಿ ಕೇಳಿಸೀತು? ಸೋನಾಬಾಯಿ ಮಗ್ಗದ ಓಟಕ್ಕೇ ಕಾಲು ಹೊಂದಿಸಿಕೊಂಡಳು. ಆ ಓಟ ಬಿಡದೆ ಬೆರಳು ತುಸು ಮುಂದೆ ಹೋಗುವುದು, ಬೇಕೆಂದೇ ಹಿಂದೆ ಉಳಿಯುವುದು, ಒಮ್ಮೆಲೇ ಬಂದು ಕೂಡುವುದು ಅವಳಿಗೆ ರೂಢಿಯಾಯಿತು. ಕರೆಂಟು ಹೋದಾಗ ಮಾತ್ರ ತಾನು ನುಡಿಸಿದ್ದು ತನಗೆ ಪೂರ್ತಿ ಕೇಳಿಸುತ್ತಿತ್ತು.

ಅದೇ ಊರಿನ ಬಸವಂತ ದೊಡ್ಡ ಭಜನೆಗಾರ. ಚಿಕ್ಕೋಡಿಯಿಂದ ಅಥಣಿಯವರೆಗೆ ಅವನು ಹಾಡಿದಲ್ಲೆಲ್ಲ ಮೂವತ್ತು ವರ್ಷ ಸೋನಾಬಾಯಿಯದೇ ಪೇಟಿ ಸಾಥ್. ಅವನು ಉಸಿರೆಳೆಯುವ ಸಂದಿಯಲ್ಲಿ ಎರಡು ಸ್ವರ ತುಂಬುವಳು. ಅವನು ತಪ್ಪಿದರೆ ತಾನೂ ಅದೇ ದಾರಿ ಹಿಡಿದು, ತಪ್ಪು ತಪ್ಪಲ್ಲವೆಂಬಂತೆ ಮಾಡುವಳು. ಜನ ಬಸವಂತನ ದನಿಯನ್ನು ಹೊಗಳಿಕೊಂಡು ಮನೆಗೆ ಹೋಗುತ್ತಿದ್ದರು.

ಹೋದ ವರ್ಷ ಬಸವಂತನ ಭಜನೆಗಳ ರೆಕಾರ್ಡಿಂಗ್ ಆಗಬೇಕೆಂದು ಎಲ್ಲರೂ ನಿಪ್ಪಾಣಿಗೆ ಹೋದರು. ಪೇಟಿ ಟೆಂಪೋದಲ್ಲಿ ಹೋಯಿತು. ಸ್ಟುಡಿಯೋದ ಭರತ ಮೈಕು ಹೂಡಿ ಕಾಯುತ್ತಿದ್ದ. ಮದುವೆ ಬ್ಯಾಂಡಿನ ದಶರಥ ಡ್ರಮ್ ಹೊಂದಿಸಿದ್ದ. ಬಸವಂತ ಬಾಯಿ ತೆರೆದರೆ ಗೊಗ್ಗರು ದನಿ. ಗಂಟಲು ಕಟ್ಟಿತ್ತು. ಡಾಕ್ಟರರ ಹತ್ತಿರ ಹೋಗಿ ಬರುತ್ತೇನೆಂದು ಎದ್ದು ಹೋದ.

“ಕಾಕೂ, ಅವ್ರ ಬರೂತನಕಾ ನಿಮ್ಮ ಪೇಟೀದರ ದನಿ ನೋಡೂಣ್ರಿ. ಏನರ ಬಾರಸ್ರಿ,” ಎಂದ ಭರತ.

ಸೋನಾಬಾಯಿ ಒಂದು ಭಜನೆಯ ಧಾಟಿ ಎತ್ತಿಕೊಂಡಳು. ಹಾಡು ಶುರುವಾಗಬೇಕಾದ ಜಾಗ ಬಂತು, ಹಾಡುವವನಿಲ್ಲ. ಕೈ ನಿಲ್ಲಲಿಲ್ಲ. ಧಾಟಿಯನ್ನು ಮುರಿದಳು, ತಿರುಗಿಸಿದಳು, ಎಡಗೈಯಲ್ಲಿ ಮಗ್ಗದ ಓಟ ಹಿಡಿದಳು. ದಶರಥ ಮೆಲ್ಲಗೆ ಡ್ರಮ್ ಮುಟ್ಟಿದ. ಅವಳು ತಿರುಗಿ ನೋಡಿ ನಕ್ಕಳು. ಇಬ್ಬರೂ ನಿಂತಾಗ ಹದಿನೆಂಟು ನಿಮಿಷ ಕಳೆದಿತ್ತು. ಭರತ ರೆಕಾರ್ಡಿಂಗ್ ನಿಲ್ಲಿಸಿರಲೇ ಇಲ್ಲ.

“ಇದಕ್ಕ ಜಾಝ್ ಅಂತಾರ್ರಿ, ಕಾಕೂ.”

“ಹಂಗಂದ್ರ?”

“ಒಂದ ಧಾಟಿ ಹಿಡ್ಯೂದು, ಆಮ್ಯಾಲೆ ಆ ಹೊತ್ತಿಗೆ ಏನ ಹೊಳೀತೈತಿ ಅದನ್ನ ಬಾರಸೂದು.”

“ನಾಟಕದ ಪಡದೆ ಏಳೂತನಕಾ ನಮ್ಮಪ್ಪ ದಿನಾ ಅದನ್ನ ಮಾಡ್ತಿದ್ದನಲ್ಲೋ!”

ಭರತ ಹೊರದೇಶದ ಆರ್ಗನ್‌ಗಾರನೊಬ್ಬನ ರೆಕಾರ್ಡು ಹಚ್ಚಿದ. ಅವಳು ಕಣ್ಣು ಮುಚ್ಚಿ ಕೇಳಿದಳು. “ತಳದಾಗಿನ ದನಿ ಯಾರ್ದು?” ಎಂದಳು. ಅದನ್ನು ಅವನು ಕಾಲಿನಿಂದ ನುಡಿಸುತ್ತಾನೆಂದು ಭರತ ಹೇಳಿದಾಗ ಸೋನಾಬಾಯಿ ಬೆರಗಾದಳು. “ಶಾಣ್ಯಾ ಅದಾನಪ್ಪ. ನನ್ನ ಕಾಲಿಗೆ ಗಾಳಿ ತುಳ್ಯೂದ್ರಾಗ ಪುರಸೊತ್ತಿಲ್ಲ. ನಾ ಎಡಗೈಲೇ ಮಾಡ್ತೀನಿ.”

ಆಲ್ಬಮ್ ಮಾಡೋಣವೆಂದು ಭರತ ಹಟ ಹಿಡಿದ. ಆದರೆ ಪೇಟಿಯ ಕಿರಗುಟ್ಟುವಿಕೆ ರೆಕಾರ್ಡಿಂಗಿನಲ್ಲಿ ಎದ್ದು ಕೇಳುತ್ತಿತ್ತು. ಕೀಬೋರ್ಡ್ ಕೊಟ್ಟ. ಅವಳು ಎರಡು ನಿಮಿಷ ನುಡಿಸಿ ಕೈ ತೆಗೆದಳು. “ಇದ್ರಾಗ ಉಸರ ಇಲ್ಲೋ ತಮ್ಮಾ.” ಮರುದಿನ ತಾನೇ ಪೇಟಿಯ ಬೆನ್ನು ಬಿಚ್ಚಿ, ಸವೆದ ಚರ್ಮ ಕಿತ್ತು ಹೊಸದು ಅಂಟಿಸಿ, ಕೀಲುಗಳಿಗೆ ಎಣ್ಣೆ ಬಿಟ್ಟಳು. ಅರವತ್ತಮೂರರ ಹೆಂಗಸು ನೆಲಕ್ಕೆ ಬೆನ್ನು ಹಚ್ಚಿ ಮಲಗಿ ಸ್ಕ್ರೂ ತಿರುಗಿಸುವುದನ್ನು ನೋಡಿ ದಶರಥ ಬ್ಯಾಟರಿಯ ಬೆಳಕು ಹಿಡಿದು ನಿಂತ. ಅದಾದ ಮೇಲೆ ನಾಲ್ಕು ದಿನದಲ್ಲಿ ಆರು ತುಣುಕು ಮುಗಿದವು.

ಐದನೆಯ ದಿನ ದನಿ ನೆಟ್ಟಗಾಗಿ ಬಸವಂತ ಬಂದ. ಎಲ್ಲ ಕೇಳಿದ. “ಭಾಳ ಚಲೋ ಆಗೇತಿ ತಂಗಿ. ಇದರ ಮ್ಯಾಲೆ ನಾ ಹಾಡಿಬಿಡ್ತೀನಿ, ಪೂರ್ತಿ ಆಕ್ಕೈತಿ.”

ಭರತ ಸೋನಾಬಾಯಿಯ ಕಡೆ ನೋಡಿದ. ಬಸವಂತನಿಗೆ ಅವಳು ಒಮ್ಮೆಯೂ ಒಲ್ಲೆ ಎಂದವಳಲ್ಲ.

“ಬ್ಯಾಡ್ರಿ ಅಣ್ಣಾ. ಇದು ಪೂರ್ತಿನ ಐತ್ರಿ.”

“ಹಾಡಿಲ್ಲದ ಪೇಟಿ ಯಾರ ಕೇಳ್ತಾರ?”

“ಯಾರೂ ಕೇಳಲಿಲ್ಲಂದ್ರ ನಾ ಕೇಳ್ತೀನ್ರಿ.”

ಬಸವಂತ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಆಲ್ಬಮ್ ಹೊರಬಂತು, ಅವಳ ಹೆಸರಿನ ಕೆಳಗೆ ದಶರಥನದು. ಸಾವಿರಗಟ್ಟಲೆ ಜನವೇನೂ ಕೇಳಲಿಲ್ಲ. ಆದರೆ ಬೋರಗಾಂವದ ಮಗ್ಗದವರು ಮೊಬೈಲಿನಲ್ಲಿ ಹಚ್ಚಿ, “ಇದು ನಮ್ಮ ಶೆಡ್ಡಿನ ಓಟ,” ಎಂದು ಗುರುತು ಹಿಡಿದರು. ಯಾವುದೋ ಊರಿನ ಪಿಯಾನೋ ಮಾಸ್ತರನೊಬ್ಬ ಅವಳ ಎಡಗೈಯ ನುಡಿಕೆಯ ಬಗ್ಗೆ ಉದ್ದನೆಯ ಪತ್ರ ಬರೆದ.

ಆಲ್ಬಮ್ ಬಂದ ಮೇಲೆ ಎರಡು ವಾರ ಬಸವಂತ ಊರಿನ ವಾರದ ಭಜನೆಗೆ ಬರಲಿಲ್ಲ. ಮೂರನೆಯ ವಾರ ಬಂದು ಎಂದಿನ ಜಾಗದಲ್ಲಿ ಕೂತ. ತಾಳದವರು ತಯಾರಾದರು. ಅವನು ಕೈ ಎತ್ತಿ ಅವರನ್ನು ತಡೆದ.

“ಮೊದಲ ಸೋನಾಬಾಯಾರು ಬಾರಸಲಿ. ಅವರದು ಮುಗದ ಮ್ಯಾಲೆ ನಂದು.”

ಸೋನಾಬಾಯಿ ನುಡಿಸತೊಡಗಿದಳು. ಬಸವಂತ ತೊಡೆಯ ಮೇಲೆ ತಾಳ ಹಾಕುತ್ತ, ಒಂದೆರಡು ಕಡೆ ತಪ್ಪಿ, ಮತ್ತೆ ಅವಳನ್ನು ನೋಡಿ ಸರಿಪಡಿಸಿಕೊಂಡ.