ದಸ್ತಗೀರನ ಫೈಲಿನ ಸದ್ದು

ದೆವ್ವ, ಶಕುನ ಇಂಥವನ್ನು ನಾನು ನಂಬಿದವನಲ್ಲ. ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗುತ್ತಿದ್ದೆ. ಗೋವಾದ ಕುಡಚಡೆಯ ಆ ಮಧ್ಯಾಹ್ನದ ನಂತರ ಹಾಗೆ ನಗುವುದನ್ನು ಬಿಟ್ಟಿದ್ದೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಅಲ್ಲಿ ಅದಿರು ಸಾಗಿಸುವ ಲಾರಿಗಳ ಆಫೀಸೊಂದರ ಕಂಪ್ಯೂಟರ್ ಕೆಟ್ಟಾಗ ನಾನು ಪಣಜಿಯಿಂದ ಹೋಗಿ ನೋಡುತ್ತಿದ್ದೆ. ಅಲ್ಲಿ ಟೈಪ್ ಮಾಡುತ್ತಿದ್ದವನು ವಿಜಾಪುರದ ಕಡೆಯ ದಸ್ತಗೀರ. ಉದ್ದನೆಯ ಫೈಲೊಂದನ್ನು ತೆರೆಯ ಮೇಲೆ ಓಡಲು ಬಿಟ್ಟು ಅವನು ಚಹಾಕ್ಕೆ ಹೋಗುವನು. ಫೈಲಿನ ಕೊನೆಗೆ ಒಂದು ಗುರುತು ಹಾಕಿರುತ್ತಿದ್ದ. ಅದು ಕಣ್ಣಿಗೆ ಕಾಣದು. ಅಲ್ಲಿಗೆ ಬಂದಾಗ ಕಂಪ್ಯೂಟರ್ ಒಮ್ಮೆ ‘ಕುಂಯ್’ ಎನ್ನುತ್ತಿತ್ತು.

“ಮನ್ಯಾಗ ನಮ್ಮಾಕಿ ಕರದಂಗ ಕರೀತದ ನೋಡ್ರಿ,” ಎಂದು ನಗುತ್ತಿದ್ದ.

ಒಂದು ಮಳೆಗಾಲ ಕಾಮಾಲೆಯಾಗಿ ದಸ್ತಗೀರ ತೀರಿಕೊಂಡ. ಆಮೇಲೆ ಆಫೀಸಿನ ಕಂಪ್ಯೂಟರಿಗೆ ಹೊಸ ಎಡಿಟರ್, ಎಂದರೆ ಟೈಪ್ ಮಾಡುವ ಪ್ರೋಗ್ರಾಂ, ಬಂತು. ಅದರಲ್ಲಿ ಅವನ ಫೈಲುಗಳನ್ನು ತೆರೆದರೆ ಕೊನೆಗೆ ಟೋಪಿಯಂಥ ಒಂದು ಗೀಟು, ಪಕ್ಕದಲ್ಲಿ ಇಂಗ್ಲಿಷಿನ ಜಿ ಅಕ್ಷರ. ಇದೇನೋ ರೋಗ ಹತ್ತಿದೆ ಎಂದು ನನ್ನನ್ನು ಕರೆಸಿದರು. ಅದು ದಸ್ತಗೀರನ ಗುರುತೇ, ಹಳೆಯ ಎಡಿಟರ್ ಮುಚ್ಚಿಡುತ್ತಿದ್ದುದನ್ನು ಹೊಸದು ತೋರಿಸುತ್ತಿದೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ಗುರುತುಗಳನ್ನೆಲ್ಲ ಅಳಿಸಿದೆ. ಆ ಸದ್ದು ಕೇಳಿದರೆ ಅವನ ನೆನಪಾಗುತ್ತದೆ ಎಂದು ಮಾಲೀಕರು ಸಂಕಟಪಟ್ಟರು. ಸ್ಪೀಕರಿನ ತಂತಿಯನ್ನೂ ಕಿತ್ತು ಮೇಜಿನ ಮೇಲಿಟ್ಟೆ.

ಅಷ್ಟರಲ್ಲಿ ದಸ್ತಗೀರನ ಹೆಂಡತಿ ಮಾಬೂಬಿ ಬಂದಳು. ಊರಿಗೆ ಹೊರಟಿದ್ದಳು. ಗಂಡನ ಊಟದ ಡಬ್ಬಿ ತೆಗೆದುಕೊಂಡವಳು ಬಾಗಿಲಲ್ಲೇ ನಿಂತಳು.

“ಅಣ್ಣಾರ, ಈ ಮಿಷಿನ್ ನನ್ನಂಗ ಕರೀತದ ಅಂತಿದ್ರು. ಒಮ್ಮಿ ಕೇಳಸ್ತೀರೇನ್ರಿ?”

ಇಲ್ಲವೆನ್ನಲು ಬಾಯಿ ಬರಲಿಲ್ಲ. ಗುರುತು ಅಳಿಸಿದ್ದನ್ನೂ ತಂತಿ ಕಿತ್ತದ್ದನ್ನೂ ಮರೆತು ಅವನ ಒಂದು ಫೈಲನ್ನು ಹಾಗೆಯೇ ಓಡಿಸಿದೆ. ಸಾಲುಗಳು ಸರಸರನೆ ಮೇಲೆ ಹೋದವು. ಕೊನೆಯ ಸಾಲಿಗೆ ಬಂದಾಗ ‘ಕುಂಯ್’ ಎಂದಿತು. ಸ್ಪಷ್ಟವಾಗಿ, ಹಿಂದಿನಂತೆಯೇ.

ಮೇಜಿನತ್ತ ತಿರುಗಿ ನೋಡಿದೆ. ಸ್ಪೀಕರಿನ ತಂತಿ ಮೇಜಿನ ಮೇಲೇ ಬಿದ್ದಿತ್ತು.

“ಕೇಳಿಸ್ತಲ್ಲ?” ಎಂದೆ.

ಅವಳು ನನ್ನ ಮುಖ ನೋಡಿದಳು. “ಇಲ್ರಿ. ಏನೂ ಸಪ್ಪಳ ಆಗಲಿಲ್ಲಲ್ರಿ.”

“ತಡೀರಿ,” ಎಂದು ಗಡಿಬಿಡಿಯಿಂದ ತಂತಿ ಸಿಕ್ಕಿಸಲು ಹೋದೆ. ಕರೆಂಟ್ ಹೋಯಿತು. ಸ್ಟೇಷನ್ನಿನ ಕಡೆಯಿಂದ ರೈಲಿನ ಸಿಳ್ಳೆ ಕೇಳಿತು.

“ಇರ್ಲಿ ಬಿಡ್ರಿ. ನಿಮಗ ತ್ರಾಸ ಕೊಟ್ಟೆ,” ಎಂದು ಡಬ್ಬಿಯನ್ನು ಸೆರಗಿನೊಳಗೆ ಸುತ್ತಿಕೊಂಡು ನಡೆದಳು. ನಾನು ಮತ್ತೆ ಅವಳನ್ನು ನೋಡಲಿಲ್ಲ.

ಕರೆಂಟ್ ಬಂದ ಮೇಲೆ ಆ ಫೈಲನ್ನು ಎಡಿಟರಿನಲ್ಲಿ ತೆರೆದು ಕೊನೆಯತನಕ ಹುಡುಕಿದೆ. ಗುರುತು ಇರಲಿಲ್ಲ. ಎಷ್ಟೋ ಸಲ ಓಡಿಸಿದೆ, ಸದ್ದೂ ಬರಲಿಲ್ಲ. ಅಂದು ನಾನು ಕೇಳಿದ್ದೇನೆಂದು ಇವತ್ತಿಗೂ ಹೇಳಲಾರೆ. ನನ್ನ ಕಿವಿಯ ಭ್ರಮೆಯೇ ಇರಬಹುದು. ಆದರೆ ಆ ಭ್ರಮೆಯಾದರೂ ಅವಳಿಗೆ ಆಗಬಾರದಿತ್ತೇ ಎಂದು ಸಂಕಟವಾಗುತ್ತದೆ.